ಬೋಟ್ ಎಂಜಿನ್ ನಡುನೀರಲ್ಲಿ ನಿಂತರೆ ತಪ್ಪು ಬಂಕ್‌ನವರದ್ದೇ? ಬಾಟಲಿ ವಿಡಿಯೋ ಹೇಳದೆ ಬಿಟ್ಟ ಸಂಗತಿ

ಬಾಟಲಿಯಲ್ಲಿ ಅರ್ಧದಷ್ಟು ಪೆಟ್ರೋಲ್. ಅದಕ್ಕೆ ಸ್ವಲ್ಪ ನೀರು ಸುರಿದು, ಮುಚ್ಚಳ ಹಾಕಿ ಕುಲುಕುತ್ತಾರೆ. ಎರಡು ನಿಮಿಷ ಬಿಟ್ಟು ನೋಡಿದರೆ ತಳದಲ್ಲಿ ನಿಂತ ನೀರು, ಸುರಿದದ್ದಕ್ಕಿಂತ ಜಾಸ್ತಿ! ‘ನೋಡಿ, ಬಂಕ್‌ನವರು ನೀರು ಬೆರೆಸಿ ಮಾರುತ್ತಿದ್ದಾರೆ, ಎಲ್ಲರಿಗೂ ಕಳಿಸಿ’ ಎಂಬ ಮಾತಿನೊಂದಿಗೆ ಇಂಥ ವಿಡಿಯೋಗಳು ವಾಟ್ಸಾಪ್ ಗ್ರೂಪುಗಳಲ್ಲಿ ಸುತ್ತುತ್ತಲೇ ಇರುತ್ತವೆ. ಸ್ಕೂಟರ್ ಸ್ಟಾರ್ಟ್ ಆಗದಿದ್ದರೂ ಇದೇ ಸಾಕ್ಷಿ, ಕೆರೆಯಲ್ಲಿ ಬೋಟ್ ನಿಂತರೂ ಇದೇ ಸಾಕ್ಷಿ.

ಸ್ಕೂಟರ್ ಕೈಕೊಟ್ಟರೆ ತಳ್ಳಿಕೊಂಡು ಮೆಕ್ಯಾನಿಕ್ ಹತ್ತಿರ ಹೋಗಬಹುದು. ಮೈಸೂರಿನ ಪಕ್ಕದ ವರುಣಾ ಕೆರೆಯಲ್ಲೋ, ಎಚ್.ಡಿ. ಕೋಟೆ ತಾಲ್ಲೂಕಿನ ಕಬಿನಿ ಹಿನ್ನೀರಿನಲ್ಲೋ ಮೋಟಾರ್ ಬೋಟ್ ಕೈಕೊಟ್ಟರೆ ಹಾಗೆ ಮಾಡುವಂತಿಲ್ಲ. ಗಾಳಿ ಬೀಸಿದ ಕಡೆಗೆ ಬೋಟ್ ತೇಲಿಹೋಗುತ್ತದೆ. ಕಬಿನಿಯಲ್ಲಾದರೆ ಮುಳುಗಿದ ಮರಗಳ ಬೊಡ್ಡೆಗಳಿವೆ, ಮೊಸಳೆಗಳೂ ಇವೆ. (ರಂಗನತಿಟ್ಟಿನಲ್ಲಿ ಅಂಬಿಗರು ಹುಟ್ಟು ಹಾಕಿ ದೋಣಿ ನಡೆಸುತ್ತಾರೆ, ಅಲ್ಲಿ ಈ ತಲೆನೋವೇ ಇಲ್ಲ.) ಆದ್ದರಿಂದ ಆ ವಿಡಿಯೋ ಎಷ್ಟು ನಿಜ, ಬೋಟ್ ಎಂಜಿನ್ ನಿಜಕ್ಕೂ ಯಾಕೆ ನಿಲ್ಲುತ್ತದೆ, ನಿಂತಾಗ ಮೊದಲು ಏನು ನೋಡಬೇಕು ಎಂಬುದನ್ನು ತಿಳಿಯೋಣ.

ಬಾಟಲಿಯಲ್ಲಿ ನಿಜಕ್ಕೂ ಆಗುವುದೇನು?

ವಿಡಿಯೋದಲ್ಲಿ ಕಾಣುವುದು ಸುಳ್ಳಲ್ಲ. ಅದರ ಅರ್ಥ ಮಾತ್ರ ತಪ್ಪು. ಈಗ ಬಂಕ್‌ಗಳಲ್ಲಿ ಸಿಗುವ ಸಾಮಾನ್ಯ ಪೆಟ್ರೋಲಿನಲ್ಲಿ ಸುಮಾರು ಶೇ. 20ರಷ್ಟು ಎಥನಾಲ್ ಇರುತ್ತದೆ. ಎಥನಾಲ್ ಎಂದರೆ ಕಬ್ಬು, ಮೆಕ್ಕೆಜೋಳ, ಅಕ್ಕಿಯಂಥವುಗಳಿಂದ ತೆಗೆದ ಮದ್ಯಸಾರ. ಪೆಟ್ರೋಲಿಗೆ ಅದನ್ನು ಬೆರೆಸುವ ಕಾರ್ಯಕ್ರಮ ದೇಶದಲ್ಲಿ 2003ರಲ್ಲಿ ಶುರುವಾಯಿತು. ಶೇ. 20 ಬೆರಕೆಯ ‘ಇ20’ ಪೆಟ್ರೋಲಿನ ಮಾರಾಟಕ್ಕೆ ಪ್ರಧಾನಿ ಚಾಲನೆ ಕೊಟ್ಟದ್ದು ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು.

ನೀರು ಮತ್ತು ಪೆಟ್ರೋಲ್ ಬೆರೆಯುವುದಿಲ್ಲ. ಎಥನಾಲ್ ಮಾತ್ರ ಎರಡರ ಜೊತೆಗೂ ಬೆರೆಯುತ್ತದೆ, ಅದರಲ್ಲೂ ನೀರೆಂದರೆ ಅದಕ್ಕೆ ಹೆಚ್ಚು ಒಲವು. ಬಾಟಲಿಗೆ ನೀರು ಸುರಿದ ಕೂಡಲೇ ಅದು ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಕೆಳಗಿಳಿಯುತ್ತದೆ. 100 ಎಂಎಲ್ ಇ20 ಪೆಟ್ರೋಲಿಗೆ 10 ಎಂಎಲ್ ನೀರು ಹಾಕಿದರೆ ತಳದ ಪದರ ಹೆಚ್ಚು ಕಡಿಮೆ 30 ಎಂಎಲ್ ಆಗುತ್ತದೆ. ಹೆಚ್ಚಾದ ಆ 20 ಎಂಎಲ್ ಬಂಕ್‌ನವರು ಕದ್ದು ಬೆರೆಸಿದ ನೀರಲ್ಲ, ಎಥನಾಲ್. ಪೆಟ್ರೋಲಿನಲ್ಲಿ ಎಷ್ಟು ಎಥನಾಲ್ ಇದೆ ಎಂದು ಸ್ಥೂಲವಾಗಿ ಅಳೆಯುವ ಪರೀಕ್ಷೆಯೇ ಇದು. ಕಲಬೆರಕೆ ಹಿಡಿಯುವ ಪರೀಕ್ಷೆ ಎಂದುಕೊಂಡದ್ದು ವಿಡಿಯೋ ಮಾಡಿದವರ ತಪ್ಪು.

ಟ್ಯಾಂಕಿನಲ್ಲಿ ನೀರಿದೆಯೇ ಎಂದು ನೋಡಬೇಕಾದರೆ ಹೊರಗಿನಿಂದ ನೀರು ಹಾಕಲೇಬಾರದು. ಟ್ಯಾಂಕಿನ ತಳದಿಂದ ಸ್ವಲ್ಪ ಪೆಟ್ರೋಲನ್ನು ಗಾಜಿನ ಸೀಸೆಗೆ ತೆಗೆದು ಕಾಲು ಗಂಟೆ ಅಲುಗಾಡಿಸದೆ ಇಡಿ. ಎರಡು ಪದರ ಕಂಡರೆ ಅಥವಾ ಮಜ್ಜಿಗೆ ನೀರಿನಂತೆ ಮಬ್ಬಾಗಿದ್ದರೆ ನೀರು ಸೇರಿದೆ ಎಂದರ್ಥ. ತಿಳಿಯಾಗಿ ಒಂದೇ ಬಣ್ಣ ಇದ್ದರೆ ಆ ಮಟ್ಟಿನ ನೀರಿಲ್ಲ. ಇದನ್ನು ಬಯಲಿನಲ್ಲಿ ಮಾಡಿ. ಅಡುಗೆಮನೆಯಲ್ಲಿ ಬೇಡ, ಬೀಡಿ ಸಿಗರೇಟ್ ಹತ್ತಿರವೂ ಬೇಡ.

ಹಾಗಾದರೆ ಎಥನಾಲ್‌ನಿಂದ ತೊಂದರೆಯೇ ಇಲ್ಲವೇ?

ಇದೆ. ಬೋಟಿಗೆ ಸ್ಕೂಟರಿಗಿಂತ ಹೆಚ್ಚೇ ಇದೆ. ‘ಎಲ್ಲವೂ ಸುಳ್ಳು ಸುದ್ದಿ’ ಎಂದು ತಳ್ಳಿಹಾಕುವವರೂ ಅರ್ಧ ಸತ್ಯವನ್ನೇ ಹೇಳುತ್ತಿದ್ದಾರೆ.

ಶೇ. 10 ಎಥನಾಲ್ ಇರುವ ಪೆಟ್ರೋಲ್, 15 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಲೀಟರಿಗೆ ಸುಮಾರು 5 ಎಂಎಲ್, ಅಂದರೆ ಒಂದು ಟೀ ಚಮಚದಷ್ಟು ನೀರನ್ನು ತನ್ನೊಳಗೆ ಕರಗಿಸಿಕೊಳ್ಳಬಲ್ಲದು. ಇ20 ಇನ್ನೂ ಸ್ವಲ್ಪ ಹೆಚ್ಚು ತಡೆದುಕೊಳ್ಳುತ್ತದೆ. ಅಷ್ಟರವರೆಗೆ ತೊಂದರೆಯಿಲ್ಲ, ಆ ನೀರು ಪೆಟ್ರೋಲಿನ ಜೊತೆಗೇ ಎಂಜಿನ್ ಸೇರಿ ಆವಿಯಾಗಿ ಹೋಗುತ್ತದೆ. ಮಿತಿ ದಾಟಿತೋ, ಬಾಟಲಿಯಲ್ಲಿ ಆದದ್ದೇ ಟ್ಯಾಂಕಿನಲ್ಲೂ ಆಗುತ್ತದೆ. ನೀರು ಮತ್ತು ಎಥನಾಲ್ ಒಟ್ಟಾಗಿ ತಳಕ್ಕೆ ಇಳಿಯುತ್ತವೆ. ಎಂಜಿನ್ನಿಗೆ ಪೆಟ್ರೋಲ್ ಎಳೆಯುವ ಕೊಳವೆಯ ಬಾಯಿ ಇರುವುದೂ ತಳದಲ್ಲೇ. ಆ ಪದರ ಎಂಜಿನ್ ಸೇರಿದಾಗ ಅದು ಕೆಮ್ಮಿ, ಕುಂಟಿ, ನಿಂತುಬಿಡುತ್ತದೆ. ಮೇಲೆ ಉಳಿದ ಪೆಟ್ರೋಲ್ ಕೂಡ ಎಥನಾಲ್ ಕಳೆದುಕೊಂಡು ಆಕ್ಟೇನ್ ಇಳಿದದ್ದು. ಮತ್ತೆ ಕುಲುಕಿದರೆ ಸರಿಹೋಗುತ್ತದೆ ಎಂಬುದು ನಿಜವಲ್ಲ.

ಈ ನೀರು ಬರುವುದೆಲ್ಲಿಂದ? ‘ಎಥನಾಲ್ ಗಾಳಿಯಿಂದ ನೀರು ಹೀರಿ ಟ್ಯಾಂಕ್ ತುಂಬಿಸುತ್ತದೆ’ ಎಂಬ ಫಾರ್ವರ್ಡ್ ಉತ್ಪ್ರೇಕ್ಷೆ. ಸರಿಯಾಗಿ ಮುಚ್ಚಿದ ಟ್ಯಾಂಕಿನಲ್ಲಿ ಅದು ಬಹಳ ನಿಧಾನವಾಗಿ ನಡೆಯುವ ಕೆಲಸ. ಹೆಚ್ಚಿನ ನೀರು ಬರುವುದು ಬಿರುಕು ಬಿಟ್ಟ ಮುಚ್ಚಳದ ವಾಷರ್‌ನಿಂದ, ತೆರೆದೇ ಬಿಟ್ಟ ಗಾಳಿ ತಿರುಪಿನಿಂದ, ಮಳೆಯಲ್ಲಿ ಪೆಟ್ರೋಲ್ ತುಂಬಿಸುವಾಗ, ತೊಳೆದು ಒಣಗಿಸದ ಕ್ಯಾನಿನಿಂದ. ಬೋಟಿನ ಟ್ಯಾಂಕ್ ಇಡೀ ದಿನ ನೀರಿನ ಮೇಲೆ, ತುಂತುರಿಗೆ ಮೈಯೊಡ್ಡಿ ಕೂತಿರುತ್ತದೆ. ಮೇಲಾಗಿ ದಿನವೂ ಓಡುವ ಸ್ಕೂಟರಿನಲ್ಲಿ ಪೆಟ್ರೋಲ್ ವಾರದಲ್ಲಿ ಖಾಲಿಯಾದರೆ, ಬೋಟುಗಳು ವಾರಗಟ್ಟಲೆ ನಿಂತಿರುವುದುಂಟು. ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಯಲ್ಲಿ ರಾತ್ರಿಯ ತಂಪಿಗೆ ಹನಿ ಕಟ್ಟುತ್ತದೆ. ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲ್ ಆರಿ ಅಂಟಾಗಿ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ.

ಇನ್ನೊಂದು ಸಂಗತಿಯನ್ನು ಬೋಟ್ ನಡೆಸುವವರು ಗಮನಿಸಬೇಕು. ಬೋಟಿನ ಹಿಂಬದಿಗೆ ಕಟ್ಟುವ ಔಟ್‌ಬೋರ್ಡ್ ಎಂಜಿನ್‌ಗಳ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಎಥನಾಲ್ ಮಿತಿ ಶೇ. 10 ಎಂದೇ ಇರುತ್ತದೆ. ಬಂಕ್‌ನಲ್ಲಿ ಸಿಗುತ್ತಿರುವುದು ಶೇ. 20. ಹಾಗೆಂದು ಹಾಕಿದ ದಿನವೇ ಎಂಜಿನ್ ಸಾಯುವುದಿಲ್ಲ. ಆದರೆ ಹಳೆಯ ರಬ್ಬರ್ ಪೈಪುಗಳು ಮೆತ್ತಗಾಗಬಹುದು ಇಲ್ಲವೇ ಬಿರುಕು ಬಿಡಬಹುದು. ಟ್ಯಾಂಕಿನ ಹಳೆಯ ಗಸಿಯನ್ನು ಎಥನಾಲ್ ಸಡಿಲಿಸಿ ಫಿಲ್ಟರಿಗೆ ತಂದು ಹಾಕುತ್ತದೆ. ಆದ್ದರಿಂದ ಎಥನಾಲ್ ತಡೆಯುವ ಪೈಪು ಹಾಕಿಸುವುದು, ಟ್ಯಾಂಕ್ ಮತ್ತು ಎಂಜಿನ್ ನಡುವೆ ನೀರು ಬೇರ್ಪಡಿಸುವ ಫಿಲ್ಟರ್ ಕೂರಿಸುವುದು, ಫಿಲ್ಟರನ್ನು ಬೇಗ ಬೇಗ ಬದಲಿಸುವುದು ಖರ್ಚಿನ ಬಾಬ್ತಾದರೂ ಬಿಡುವಂಥದ್ದಲ್ಲ.

ಮೈಲೇಜ್ ಬಗ್ಗೆಯೂ ಒಂದು ಮಾತು. ಲೀಟರ್ ಲೆಕ್ಕದಲ್ಲಿ ಎಥನಾಲ್‌ನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಎಥನಾಲ್ ಇಲ್ಲದ ಪೆಟ್ರೋಲಿಗೆಂದು ವಿನ್ಯಾಸ ಮಾಡಿ ಶೇ. 10 ಬೆರಕೆಗೆ ಹೊಂದಿಸಿದ ಕಾರುಗಳಲ್ಲಿ ಇ20ಯಿಂದ ಶೇ. 6-7, ಅಂಥ ದ್ವಿಚಕ್ರ ವಾಹನಗಳಲ್ಲಿ ಶೇ. 3-4 ಇಳಿಕೆ ಆಗಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ‘ಮೈಲೇಜ್ ಅರ್ಧಕ್ಕೆ ಇಳಿಯಿತು’ ಎಂದರೆ ಬೇರೆ ಕಾರಣ ಹುಡುಕಬೇಕು.

ಎಂಜಿನ್ ನಿಂತಾಗ ಮೊದಲು ನೋಡಬೇಕಾದ್ದು

ಎಂಜಿನ್ ಬಿಚ್ಚುವ ಮೊದಲು ಲಂಗರು ಹಾಕಿ. ಇದು ಎಲ್ಲಕ್ಕಿಂತ ಮುಖ್ಯ, ಗಾಬರಿಯಲ್ಲಿ ಜನ ಮರೆಯುವುದೂ ಇದನ್ನೇ. ಬೋಟ್ ಒಂದೆಡೆ ನಿಂತರೆ ಮಾತ್ರ ನಿಧಾನವಾಗಿ ಯೋಚಿಸಬಹುದು. ಪ್ರಯಾಣಿಕರು ಕುತೂಹಲಕ್ಕೆ ಎದ್ದು ಎಂಜಿನ್ ಕಡೆ ಬಂದರೆ ಬೋಟ್ ವಾಲುತ್ತದೆ, ಎಲ್ಲರೂ ಕೂತಲ್ಲೇ ಕೂತಿರಬೇಕು.

ಆಮೇಲೆ ಕೆಂಪು ದಾರದ ಕ್ಲಿಪ್ ನೋಡಿ. ಚಾಲಕ ನೀರಿಗೆ ಬಿದ್ದರೆ ಎಂಜಿನ್ ತಾನಾಗಿ ನಿಲ್ಲಲಿ ಎಂದು ಅವನ ಮೈಗೆ ಕಟ್ಟುವ ದಾರ ಅದು. ಯಾರದೋ ಕೈ ತಗಲಿ ಕ್ಲಿಪ್ ಕಳಚಿದ್ದರೆ ಎಷ್ಟು ಎಳೆದರೂ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಗೇರ್ ನ್ಯೂಟ್ರಲ್‌ನಲ್ಲಿದೆಯೇ ನೋಡಿ. ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯೇ ಎಂಬುದನ್ನು ಮೀಟರ್ ನಂಬದೆ ಟ್ಯಾಂಕ್ ಎತ್ತಿ ನೋಡಿ.

ಬೋಟ್ ಚೆನ್ನಾಗಿ ಹೊರಟು ಐದು ಹತ್ತು ನಿಮಿಷದಲ್ಲಿ ನಿಂತಿತು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆಯಿತು, ಮತ್ತೆ ನಿಂತಿತು. ಇದು ನೀರಿನ ಕಥೆಯಲ್ಲ, ಬಹುತೇಕ ಗಾಳಿಯ ಕಥೆ. ಬಿಡಿ ಟ್ಯಾಂಕಿನ ಮುಚ್ಚಳದ ಮೇಲೆ ಗಾಳಿಗೆಂದು ಒಂದು ಸಣ್ಣ ತಿರುಪು ಇರುತ್ತದೆ. ಸಾಗಿಸುವಾಗ ಬಿಗಿ ಮಾಡಿದ್ದನ್ನು ಓಡಿಸುವಾಗ ಸಡಿಲಿಸಲು ಮರೆತಿರುತ್ತಾರೆ. ಪೆಟ್ರೋಲ್ ಹೊರಗೆ ಹೋದಷ್ಟು ಗಾಳಿ ಒಳಗೆ ಬರದೆ ಟ್ಯಾಂಕಿನಲ್ಲಿ ನಿರ್ವಾತ ಉಂಟಾಗಿ ಪೆಟ್ರೋಲ್ ಹರಿಯುವುದೇ ನಿಲ್ಲುತ್ತದೆ. ತಿರುಪು ಬಿಚ್ಚಿದಾಗ ‘ಸುಯ್’ ಎಂದು ಗಾಳಿ ಎಳೆದುಕೊಂಡ ಸದ್ದು ಬಂದರೆ ಕಾರಣ ಸಿಕ್ಕಿತು.

ಪೈಪಿನ ನಡುವೆ ಇರುವ ರಬ್ಬರ್ ಉಂಡೆ ಬಹಳಷ್ಟು ಹೇಳುತ್ತದೆ. ಅದನ್ನು ಒತ್ತಿ ಪೆಟ್ರೋಲ್ ಮೇಲಕ್ಕೆ ಏರಿಸುವುದು ರೂಢಿ. ನಾಲ್ಕಾರು ಸಲ ಒತ್ತಿದರೆ ಗಟ್ಟಿಯಾಗಬೇಕು. ಎಷ್ಟು ಒತ್ತಿದರೂ ಮೆತ್ತಗೇ ಇದ್ದರೆ ಟ್ಯಾಂಕ್ ಖಾಲಿ, ಇಲ್ಲವೇ ಪೈಪಿನ ಜೋಡಣೆಯಲ್ಲಿ ಎಲ್ಲೋ ಗಾಳಿ ಸೇರುತ್ತಿದೆ. ಒತ್ತಿದ ಮೇಲೆ ಚಪ್ಪಟೆಯಾಗಿ ಹಾಗೇ ಉಳಿದರೆ ಟ್ಯಾಂಕ್ ಕಡೆ ಅಡಚಣೆ: ಗಾಳಿ ತಿರುಪು ಮುಚ್ಚಿದೆ ಅಥವಾ ತಳದ ಜಾಲರಿ ಕಟ್ಟಿದೆ. ಚೆನ್ನಾಗಿ ಗಟ್ಟಿಯಾಗಿಯೂ ಎಂಜಿನ್ ಸ್ಟಾರ್ಟ್ ಆಗದಿದ್ದರೆ ಪೆಟ್ರೋಲ್ ಎಂಜಿನ್‌ವರೆಗೆ ಬಂದಿದೆ ಎಂದರ್ಥ. ಆಗ ಫಿಲ್ಟರ್ ಬಟ್ಟಲಿನಲ್ಲಿ ನೀರಿದೆಯೇ, ಸ್ಪಾರ್ಕ್ ಪ್ಲಗ್ ಒದ್ದೆಯೇ ಒಣಗಿದೆಯೇ ನೋಡಬೇಕು. ಪ್ಲಗ್ ಪೆಟ್ರೋಲಿನಿಂದ ತೊಯ್ದು ವಾಸನೆ ಗಾಢವಾಗಿದ್ದರೆ ಚೋಕ್ ಹೆಚ್ಚಾಗಿದೆ. ಚೋಕ್ ಒಳಗೆ ತಳ್ಳಿ ಹತ್ತು ನಿಮಿಷ ಬಿಟ್ಟು ಪ್ರಯತ್ನಿಸಿ.

ಪೆಟ್ರೋಲಿಗೆ ಸಂಬಂಧವೇ ಇಲ್ಲದ ಕಾರಣಗಳೂ ಉಂಟು. ಔಟ್‌ಬೋರ್ಡ್ ಎಂಜಿನ್ ತಂಪಾಗುವುದು ಕೆರೆಯ ನೀರಿನಿಂದಲೇ. ಓಡುವಾಗ ಹಿಂಬದಿಯಿಂದ ಸಣ್ಣ ಧಾರೆಯಾಗಿ ನೀರು ಚಿಮ್ಮುತ್ತಿರಬೇಕು. ಜಲಕಳೆ ಅಥವಾ ಪ್ಲಾಸ್ಟಿಕ್ ಚೀಲ ಒಳಹರಿವಿನ ಜಾಲರಿಗೆ ಅಂಟಿಕೊಂಡರೆ ಆ ಧಾರೆ ನಿಂತು ಎಂಜಿನ್ ಕಾಯುತ್ತದೆ. ಹೊಸ ಎಂಜಿನ್‌ಗಳು ಎಚ್ಚರಿಕೆಯ ಸದ್ದು ಮಾಡಿ ವೇಗ ಇಳಿಸುತ್ತವೆ, ಹಳೆಯವು ಸುಟ್ಟೇ ಹೋಗುತ್ತವೆ. ಎಂಜಿನ್ ಜೋರಾಗಿ ಓಡುತ್ತಿದೆ, ಬೋಟ್ ಮಾತ್ರ ಮುಂದೆ ಹೋಗುತ್ತಿಲ್ಲ ಎಂದರೆ ಪ್ರೊಪೆಲ್ಲರ್ ಬೊಡ್ಡೆಗೋ ಕಲ್ಲಿಗೋ ತಗಲಿ ಪಿನ್ ಮುರಿದಿರಬಹುದು. ಗೇರ್ ಪೆಟ್ಟಿಗೆ ಹಾಳಾಗದಿರಲೆಂದು ಬೇಕೆಂದೇ ಮೆತ್ತಗಿನ ಲೋಹದಲ್ಲಿ ಮಾಡಿದ ಪಿನ್ ಅದು. ಪ್ರೊಪೆಲ್ಲರ್ ಮುಟ್ಟುವ ಮೊದಲು ಎಂಜಿನ್ ಆಫ್ ಮಾಡಿ ಕೆಂಪು ಕ್ಲಿಪ್ ತೆಗೆದಿಡಿ. ಮೊಸಳೆಗಳಿರುವ ನೀರಿನಲ್ಲಿ ಎಂಜಿನ್ನನ್ನು ಓರೆಮಾಡಿ ಮೇಲೆತ್ತಿಯೇ ನೋಡಬೇಕು, ಕೈ ಇಳಿಸಬಾರದು.

ಇಷ್ಟು ನೋಡಿಯೂ ಆಗದಿದ್ದರೆ ಫೋನ್ ಮಾಡಿ ಇನ್ನೊಂದು ಬೋಟ್ ಕರೆಸಿ. ನಡುನೀರಲ್ಲಿ ಕಾರ್ಬ್ಯುರೇಟರ್ ಬಿಚ್ಚುವುದು ಸಾಹಸವಲ್ಲ, ಅಪಾಯ. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಬಯಲಲ್ಲಿ ಚದುರಿಹೋಗುವ ಅದು ಬೋಟಿನ ತೊಟ್ಟಿಯಂಥ ತಳದಲ್ಲಿ ತುಂಬಿಕೊಳ್ಳುತ್ತದೆ, ಒಂದು ಕಿಡಿ ಸಾಕು. ಬಿಡಿ ಟ್ಯಾಂಕನ್ನು ದಡಕ್ಕಿಳಿಸಿ, ನೆಲದ ಮೇಲಿಟ್ಟೇ ತುಂಬಿಸಬೇಕು ಎನ್ನುವುದು ಇದಕ್ಕೇ.

ಟ್ಯಾಂಕಿಗೆ ನುಸಿಗುಳಿಗೆ, ಕರ್ಪೂರ?

‘ನಾಲ್ಕು ನುಸಿಗುಳಿಗೆ ಹಾಕಿ, ಪಿಕಪ್ ನೋಡಿ’ ಎಂಬ ಸಲಹೆ ಮೊಬೈಲ್ ಬರುವ ಮೊದಲೇ ಇತ್ತು. ನ್ಯಾಫ್ತಲಿನ್ ಪೆಟ್ರೋಲಿನಲ್ಲಿ ಕರಗುವುದು ನಿಜ. ಆದರೆ ಅಂಗಡಿಯ ಗುಳಿಗೆಗಳಲ್ಲಿ ಹಲವು ನ್ಯಾಫ್ತಲಿನ್ ಅಲ್ಲ, ಕ್ಲೋರಿನ್ ಇರುವ ಬೇರೆ ರಾಸಾಯನಿಕ. ಅದು ಉರಿದಾಗ ಹುಟ್ಟುವ ಆಮ್ಲ ಲೋಹವನ್ನು ತಿನ್ನುತ್ತದೆ. ನೀರು ಸೇರಿದ ಪೆಟ್ರೋಲಿಗಂತೂ ಯಾವ ಗುಳಿಗೆಯೂ ಮದ್ದಲ್ಲ. ಬೇಸಿಗೆಯಲ್ಲಿ ಟ್ಯಾಂಕ್ ಪೂರ್ತಿ ತುಂಬಿಸಿದರೆ ಸ್ಫೋಟವಾಗುತ್ತದೆ ಎಂದು ಇಂಡಿಯನ್ ಆಯಿಲ್ ಹೆಸರಿನಲ್ಲಿ ಬರುವ ಸಂದೇಶವನ್ನು ಆ ಕಂಪನಿಯೇ ಅಲ್ಲಗಳೆದಿದೆ. ತಯಾರಕರು ಹೇಳಿದ ಮಿತಿಯವರೆಗೆ ತುಂಬಿಸಬಹುದು.

ಬಂಕ್ ಮೇಲೆ ನಿಜವಾಗಿಯೂ ಅನುಮಾನವಿದ್ದರೆ

ವಿಡಿಯೋ ಹಂಚುವ ಬದಲು ಅಲ್ಲೇ ಕೇಳಿ. ಫಿಲ್ಟರ್ ಪೇಪರ್ ಪರೀಕ್ಷೆ ಗ್ರಾಹಕರ ಹಕ್ಕು. ನಾಜಲ್ ತುದಿ ಒರೆಸಿ ಒಂದು ಹನಿ ಪೇಪರ್ ಮೇಲೆ ಬಿಟ್ಟರೆ ಶುದ್ಧ ಪೆಟ್ರೋಲ್ ಕಲೆ ಉಳಿಸದೆ ಆರಿಹೋಗುತ್ತದೆ. ಸೀಮೆಎಣ್ಣೆಯಂಥದ್ದು ಬೆರೆತಿದ್ದರೆ ಕಲೆ ಉಳಿಯುತ್ತದೆ. ಅಳತೆ ಅನುಮಾನವಾದರೆ ಮುದ್ರೆ ಹಾಕಿದ 5 ಲೀಟರ್ ಮಾಪಕದಲ್ಲಿ ಅಳೆದು ತೋರಿಸಲು ಕೇಳಬಹುದು. ಆ ದಿನದ ಸಾಂದ್ರತೆಯನ್ನೂ ಬಂಕ್‌ನಲ್ಲಿ ತೋರಿಸಿರಬೇಕು. ಬಿಲ್ ಇಟ್ಟುಕೊಳ್ಳಿ, ಅದಿಲ್ಲದೆ ದೂರಿಗೆ ಬಲವಿಲ್ಲ.

ಟ್ಯಾಂಕಿನಲ್ಲಿ ಎರಡು ಪದರ ಕಂಡಿದ್ದೇ ಆದರೆ ಅಷ್ಟನ್ನೂ ಖಾಲಿ ಮಾಡಿ, ಟ್ಯಾಂಕ್ ಒಣಗಿಸಿ, ಫಿಲ್ಟರ್ ಬದಲಿಸಿ ಹೊಸ ಪೆಟ್ರೋಲ್ ಹಾಕಬೇಕು. ತೆಗೆದದ್ದನ್ನು ದಡದಲ್ಲಿ ಚೆಲ್ಲಬೇಡಿ. ಮೈಸೂರಿನ ನಲ್ಲಿಗಳಿಗೆ ಕಾವೇರಿಯ ಜೊತೆ ಕಬಿನಿಯ ನೀರೂ ಬರುತ್ತದೆ. ಮುಚ್ಚಳ ಭದ್ರವಾಗಿರುವ ಲೋಹದ ಕ್ಯಾನಿಗೆ ತುಂಬಿಸಿ, ‘ಕೆಟ್ಟ ಪೆಟ್ರೋಲ್’ ಎಂದು ಬರೆದು, ಹಳೆ ಎಂಜಿನ್ ಆಯಿಲ್ ಸಂಗ್ರಹಿಸುವ ಸರ್ವಿಸ್ ಸೆಂಟರ್‌ನಲ್ಲಿ ವಿಚಾರಿಸಿ ಕೊಡಿ.