ನೆಪವಿಲ್ಲದ ಕೊಲೆಗಾರ: ಮ್ಯಾಕ್‌ಬೆತ್‌ ನಾಟಕ ಮತ್ತು ಸಿನಿಮಾಗಳಲ್ಲಿ ಪಾತ್ರ, ಸಂಘರ್ಷ

ಸಂಘರ್ಷವೆಂದರೆ ಇಬ್ಬರ ನಡುವಿನ ಜಗಳ ಎಂದುಕೊಂಡು ನಾಟಕ ಓದಲು ಕೂತರೆ ‘ಮ್ಯಾಕ್‌ಬೆತ್’ ಮೊದಲಿಗೇ ಕೈಕೊಡುತ್ತದೆ. ದೊರೆ ಡಂಕನ್‌ನ ಕೊಲೆಯಾಗುವವರೆಗೆ ಈ ನಾಟಕದ ನಾಯಕನಿಗೆ ಹೇಳಿಕೊಳ್ಳುವಂಥ ಎದುರಾಳಿಯೇ ಇಲ್ಲ. ದೊರೆ ಅವನನ್ನು ಹೊಗಳಿ ಹೊಸ ಪದವಿ ಕೊಡುತ್ತಾನೆ. ಬ್ಯಾಂಕ್ವೊ ಯುದ್ಧದಲ್ಲಿ ಜೊತೆಗಿದ್ದ ಗೆಳೆಯ. ಹೆಂಡತಿಗೆ ಗಂಡನ ಏಳಿಗೆಯದೇ ಧ್ಯಾನ. ಮುಂದೆ ಅವನನ್ನು ಕೊಲ್ಲಲಿರುವ ಮ್ಯಾಕ್‌ಡಫ್ ಬಾಯಿ ಬಿಡುವುದೇ ಕೊಲೆ ನಡೆದ ಮೇಲೆ. ಆದರೂ ಆ ಮೊದಲ ಭಾಗದಷ್ಟು ಬಿಗಿಯಾದ ನಾಟಕವನ್ನು ಶೇಕ್ಸ್‌ಪಿಯರ್ ಕೂಡ ಹೆಚ್ಚು ಬರೆದಿಲ್ಲ.

1606ರ ಸುಮಾರಿಗೆ ಬರೆದ, 1623ರ ಫೋಲಿಯೊದಲ್ಲಿ ಮೊದಲು ಅಚ್ಚಾದ ಈ ನಾಟಕ ಅವನ ದುರಂತ ನಾಟಕಗಳಲ್ಲೆಲ್ಲ ಚಿಕ್ಕದು. ಇದನ್ನೇ ಅಕಿರಾ ಕುರೊಸಾವಾ 1957ರಲ್ಲಿ ಜಪಾನಿನ ಅಂತರ್ಯುದ್ಧದ ಕಾಲಕ್ಕೆ ಒಯ್ದು ‘ಥ್ರೋನ್ ಆಫ್ ಬ್ಲಡ್’ ಮಾಡಿದರು. ವಿಶಾಲ್ ಭಾರದ್ವಾಜ್ 2003ರಲ್ಲಿ ಮುಂಬೈ ಭೂಗತ ಲೋಕಕ್ಕೆ ತಂದು ‘ಮಕ್ಬೂಲ್’ ಮಾಡಿದರು. ಕಥೆಯ ಹಂದರ ಮೂರರಲ್ಲೂ ಒಂದೇ: ಭವಿಷ್ಯವಾಣಿ, ಹೆಣ್ಣೊಬ್ಬಳ ಒತ್ತಾಯ, ಒಡೆಯನ ಕೊಲೆ, ಗೆಳೆಯನ ಕೊಲೆ, ಪತನ. ಆದರೆ ಸಂಘರ್ಷ ಮೂರರಲ್ಲೂ ಬೇರೆ ಬೇರೆ ಜಾಗದಲ್ಲಿ ನೆಲೆಸಿದೆ. ಪಾತ್ರವಿಶ್ಲೇಷಣೆ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಠ್ಯ ನನಗೆ ಕಂಡಿಲ್ಲ.

ಪಾತ್ರ ಮೊದಲೋ, ಕ್ರಿಯೆ ಮೊದಲೋ

ದುರಂತ ನಾಟಕದಲ್ಲಿ ಘಟನೆಗಳ ಜೋಡಣೆಗೆ ಮೊದಲ ಸ್ಥಾನ, ಪಾತ್ರಕ್ಕೆ ಎರಡನೆಯದು ಎಂದವನು ಅರಿಸ್ಟಾಟಲ್. ಎ.ಸಿ. ಬ್ರಾಡ್ಲಿ 1904ರ ‘ಶೇಕ್ಸ್‌ಪಿರಿಯನ್ ಟ್ರಾಜಿಡಿ’ ಗ್ರಂಥದಲ್ಲಿ ತೂಕವನ್ನು ಪಾತ್ರದ ಕಡೆಗೆ ವಾಲಿಸಿದರು. ದುರಂತ ಹುಟ್ಟುವುದು ಮನುಷ್ಯನ ಕೃತ್ಯದಿಂದ, ಆ ಕೃತ್ಯ ಹುಟ್ಟುವುದು ಅವನ ಸ್ವಭಾವದಿಂದ ಎಂಬುದು ಅವರ ನಿಲುವು. ಎಲ್.ಸಿ. ನೈಟ್ಸ್ 1933ರಲ್ಲಿ ಇದಕ್ಕೆ ಸವಾಲು ಹಾಕಿದರು. ಲೇಡಿ ಮ್ಯಾಕ್‌ಬೆತ್‌ಗೆ ಎಷ್ಟು ಮಕ್ಕಳಿದ್ದರು ಎಂಬ ಪ್ರಶ್ನೆಯೇ ಅವರ ಪ್ರಬಂಧದ ಶೀರ್ಷಿಕೆ. ತಾನು ಮಗುವಿಗೆ ಹಾಲೂಡಿದ್ದೇನೆ ಎಂದು ಅವಳು ಹೇಳುತ್ತಾಳೆ, ಆದರೆ ನಾಟಕದಲ್ಲಿ ಮಗು ಎಲ್ಲೂ ಇಲ್ಲ. ಪಾತ್ರಗಳನ್ನು ನೆರೆಮನೆಯವರಂತೆ ಕಂಡು ಅವರ ಹಿಂದುಮುಂದನ್ನು ಕೆದಕಬಾರದು, ನಾಟಕವನ್ನು ಕಾವ್ಯವಾಗಿ ಓದಬೇಕು ಎಂಬುದು ನೈಟ್ಸ್ ವಾದ.

ಓದುಗನಿಗೆ ಇದು ಒಪ್ಪುವ ಮಾತು. ರಂಗದ ಮೇಲೆ ನಿಲ್ಲಬೇಕಾದ ನಟಿಗೆ ಅಷ್ಟೇ ಸಾಲದು. ಆ ಮಗು ಸತ್ತಿತೋ ಬದುಕಿತೋ ಎಂಬುದನ್ನು ಅವಳು ಮನಸ್ಸಿನಲ್ಲಿ ತೀರ್ಮಾನಿಸಿಕೊಳ್ಳದೆ ಆ ಮಾತನ್ನು ಆಡಲಾರಳು. ಕುರೊಸಾವಾ ಈ ಪ್ರಶ್ನೆಗೆ ಕೊಟ್ಟ ಉತ್ತರ ಅವರ ಚಿತ್ರದ ದಿಕ್ಕನ್ನೇ ಬದಲಿಸಿತು.

ಶೇಕ್ಸ್‌ಪಿಯರ್ ಕಿತ್ತುಕೊಂಡ ನೆಪಗಳು

ಒಂದು ಪಾತ್ರವನ್ನು ಅರಿಯಲು ನಾಟಕಕಾರ ಅದಕ್ಕೆ ಏನು ಕೊಟ್ಟ ಎಂದು ಕೇಳುವುದು ವಾಡಿಕೆ. ಮ್ಯಾಕ್‌ಬೆತ್‌ನ ವಿಷಯದಲ್ಲಿ ಏನನ್ನು ಕಿತ್ತುಕೊಂಡ ಎಂದು ಕೇಳಬೇಕು.

ಕಥೆಯ ಮೂಲ ರಾಫೆಲ್ ಹಾಲಿನ್‌ಶೆಡ್‌ನ ಇತಿಹಾಸ ಗ್ರಂಥ. ಅಲ್ಲಿನ ಡಂಕನ್ ಮೆದು ಸ್ವಭಾವದ, ಆಳಲು ಬಾರದ ದೊರೆ. ಅವನು ಮಗ ಮಾಲ್ಕಮ್‌ನನ್ನು ಉತ್ತರಾಧಿಕಾರಿ ಎಂದು ಸಾರಿದಾಗ ಸಿಂಹಾಸನದ ಮೇಲೆ ತನಗಿದ್ದ ಹಕ್ಕು ತಪ್ಪಿತೆಂದು ಮ್ಯಾಕ್‌ಬೆತ್‌ಗೆ ನ್ಯಾಯವಾದ ಸಿಟ್ಟಿದೆ. ಕೊಲೆಯ ಸಂಚಿನಲ್ಲಿ ಬ್ಯಾಂಕ್ವೊ ಪಾಲುದಾರ. ಪಟ್ಟಕ್ಕೆ ಬಂದ ಮೇಲೆ ಮ್ಯಾಕ್‌ಬೆತ್ ಹತ್ತು ವರ್ಷ ಒಳ್ಳೆಯ ಆಡಳಿತವನ್ನೂ ಕೊಡುತ್ತಾನೆ. ನಿಜವಾದ ಚರಿತ್ರೆಯಲ್ಲಂತೂ ಡಂಕನ್ ಸತ್ತದ್ದು 1040ರಲ್ಲಿ, ಯುದ್ಧಭೂಮಿಯಲ್ಲಿ. ಮ್ಯಾಕ್‌ಬೆತ್ ಆಳಿದ್ದು 1057ರವರೆಗೆ, 17 ವರ್ಷ.

ಶೇಕ್ಸ್‌ಪಿಯರ್ ಈ ಆಸರೆಗಳನ್ನು ಒಂದೊಂದಾಗಿ ತೆಗೆದುಹಾಕುತ್ತಾನೆ. ಡಂಕನ್ ವಯಸ್ಸಾದ, ಸಜ್ಜನ ದೊರೆಯಾಗುತ್ತಾನೆ. ಬ್ಯಾಂಕ್ವೊ ಸಂಚಿನಿಂದ ಹೊರಗುಳಿಯುತ್ತಾನೆ. ಒಳ್ಳೆಯ ಆಡಳಿತದ ಹತ್ತು ವರ್ಷ ಮಾಯವಾಗುತ್ತವೆ. ಸಾಲದೆಂಬಂತೆ, ಅದೇ ಗ್ರಂಥದ ಇನ್ನೊಂದು ಪ್ರಸಂಗದಿಂದ, ಅಂದರೆ ಹೆಂಡತಿಯ ಪ್ರೇರಣೆಯಿಂದ ಡಾನ್‌ವಾಲ್ಡ್ ಎಂಬವನು ತನ್ನ ಕೋಟೆಯಲ್ಲಿ ತಂಗಿದ್ದ ದೊರೆ ಡಫ್‌ನನ್ನು ಕೊಲ್ಲಿಸಿದ ಕಥೆಯಿಂದ, ಅತಿಥಿಯನ್ನು ಕೊಂದ ಪಾಪವನ್ನೂ ತಂದು ಮ್ಯಾಕ್‌ಬೆತ್‌ನ ತಲೆಗೆ ಕಟ್ಟುತ್ತಾನೆ.

ಬ್ಯಾಂಕ್ವೊನನ್ನು ಶುದ್ಧಗೊಳಿಸಿದ್ದಕ್ಕೆ ರಾಜಕೀಯ ಕಾರಣವೂ ಇತ್ತು. ಶೇಕ್ಸ್‌ಪಿಯರ್‌ನ ತಂಡಕ್ಕೆ 1603ರಿಂದ ಆಶ್ರಯ ಕೊಟ್ಟಿದ್ದ ದೊರೆ ಒಂದನೇ ಜೇಮ್ಸ್‌ನ ವಂಶವೃಕ್ಷ ಬ್ಯಾಂಕ್ವೊನವರೆಗೆ ಹೋಗುತ್ತದೆಂಬ ನಂಬಿಕೆ ಆಗ ಚಾಲ್ತಿಯಲ್ಲಿತ್ತು. ಆದರೆ ನಾಟಕಕ್ಕಾದ ಲಾಭ ಇದಕ್ಕಿಂತ ಬಹಳ ದೊಡ್ಡದು. ನ್ಯಾಯವಾದ ಕೋಪವಿರುವವನು ಕೊಂದರೆ ಅದು ಸೇಡಿನ ಕಥೆ. ಕೊಲ್ಲಲು ಒಂದೂ ಸಬೂಬಿಲ್ಲ ಎಂದು ತಿಳಿದೂ ಕೊಲ್ಲುವವನಿಗೆ ಹೋರಾಡಲು ಉಳಿಯುವುದು ತನ್ನ ಜೊತೆಯಲ್ಲಿ ಮಾತ್ರ. ಹೊರಗಿನ ಕಾರಣಗಳನ್ನೆಲ್ಲ ಮುಚ್ಚಿದ್ದರಿಂದಲೇ ಸಂಘರ್ಷ ಒಳಕ್ಕೆ ಇಳಿಯಿತು.

ಉತ್ತರ ಸಿಗದ ವಾದ

ಮೊದಲ ಅಂಕದ ಏಳನೇ ದೃಶ್ಯವನ್ನು ನಿಧಾನವಾಗಿ ಓದಬೇಕು. ಒಳಗೆ ದೊರೆಗೆ ಔತಣ ನಡೆಯುತ್ತಿದೆ, ಮ್ಯಾಕ್‌ಬೆತ್ ಎದ್ದು ಹೊರಗೆ ಬಂದಿದ್ದಾನೆ. ಒಬ್ಬನೇ ನಿಂತು ಲೆಕ್ಕ ಹಾಕುತ್ತಾನೆ: ನಾನು ಅವನ ನೆಂಟ, ಅವನ ಪ್ರಜೆ, ಈ ರಾತ್ರಿ ಅವನನ್ನು ಕಾಯಬೇಕಾದ ಮನೆಯ ಯಜಮಾನ, ಮೇಲಾಗಿ ಅವನು ಒಳ್ಳೆಯವನು. ಕೊಲ್ಲು ಎನ್ನುವ ಪಕ್ಷದಲ್ಲಿ ಬರಿಯ ಮಹತ್ವಾಕಾಂಕ್ಷೆ, ಬೇರೇನೂ ಇಲ್ಲ. ಹೆಂಡತಿ ಬಂದಾಗ ಈ ಕೆಲಸ ಬೇಡವೆಂದು ಹೇಳಿಯೂಬಿಡುತ್ತಾನೆ.

ಮುಂದಿನದನ್ನು ಹೆಚ್ಚಿನವರು ‘ಅವಳು ಅವನ ಮನವೊಲಿಸುತ್ತಾಳೆ’ ಎಂದು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನಿಜಕ್ಕೂ ನಡೆಯುವುದೇನು? ಅವನ ಒಂದು ವಾದಕ್ಕೂ ಅವಳು ಉತ್ತರ ಕೊಡುವುದಿಲ್ಲ. ನೆಂಟಸ್ತಿಕೆಯ ಬಗ್ಗೆ ಮಾತಿಲ್ಲ, ಅತಿಥಿಧರ್ಮದ ಬಗ್ಗೆ ಮಾತಿಲ್ಲ. ಅವನ ಗಂಡಸುತನವನ್ನು ಕೆಣಕುತ್ತಾಳೆ, ಕೊಟ್ಟ ಮಾತನ್ನು ನೆನಪಿಸುತ್ತಾಳೆ, ಕಾವಲುಗಾರರಿಗೆ ಕುಡಿಸುವ ಉಪಾಯ ಹೇಳುತ್ತಾಳೆ. ಕೊನೆಗೆ ಅವನು ಎತ್ತುವುದು ಒಂದೇ ಅನುಮಾನ: ಸೋತರೆ? ಕೊಲ್ಲುವುದು ತಪ್ಪೇ ಎಂಬ ಪ್ರಶ್ನೆ ಸದ್ದಿಲ್ಲದೆ ಸಿಕ್ಕಿಬೀಳುತ್ತೇವೆಯೇ ಎಂಬ ಪ್ರಶ್ನೆಯಾಗಿ ಬದಲಾಗಿದೆ.

ಯಾವುದೇ ನಾಟಕದ ವಾಗ್ವಾದವನ್ನು ಬಿಡಿಸುವಾಗ ಈ ಸೂತ್ರ ನೆರವಿಗೆ ಬರುತ್ತದೆ. ಗೆದ್ದವರಾರು ಎಂಬುದಕ್ಕಿಂತ ಯಾವ ವಾದಕ್ಕೆ ಉತ್ತರ ಸಿಗಲಿಲ್ಲ ಎಂಬುದನ್ನು ಗುರುತಿಸಬೇಕು. ಉತ್ತರ ಸಿಗದ್ದು ಸಾಯುವುದಿಲ್ಲ. ಇನ್ನೊಂದು ವೇಷದಲ್ಲಿ ಮರಳುತ್ತದೆ. ಕೊಲೆಯ ರಾತ್ರಿ ಮ್ಯಾಕ್‌ಬೆತ್‌ಗೆ ಕೇಳಿಸುವ ದನಿ, ಔತಣದ ಪೀಠದಲ್ಲಿ ಬಂದು ಕೂರುವ ಬ್ಯಾಂಕ್ವೊನ ಪ್ರೇತ, ಎಲ್ಲವೂ ಅಂದು ಬಾಯಿ ಮುಚ್ಚಿಸಿದ ವಾದಗಳೇ.

ಗಂಡ ಹೆಂಡಿರ ಎರಡು ದಾರಿ

ಅವಳು ರಾಕ್ಷಸಿ, ಅವನು ಹೆಂಡತಿಯ ಮಾತಿಗೆ ಕುಣಿದ ದುರ್ಬಲ ಎಂಬ ಓದು ನಾಟಕದ ಎರಡನೇ ಭಾಗದಲ್ಲಿ ನಿಲ್ಲುವುದಿಲ್ಲ. ಬ್ಯಾಂಕ್ವೊನ ಕೊಲೆಗೆ ಮ್ಯಾಕ್‌ಬೆತ್ ಅವಳನ್ನು ಕೇಳುವುದಿಲ್ಲ, ಹೇಳುವುದೂ ಇಲ್ಲ. ಔತಣದಲ್ಲಿ ಅವನ ಮಾನ ಕಾಪಾಡಲು ಹೆಣಗಿದ ಮೇಲೆ ಅವಳು ರಂಗದಿಂದಲೇ ಮರೆಯಾಗಿ, ಐದನೇ ಅಂಕದಲ್ಲಿ ನಿದ್ದೆಯಲ್ಲಿ ನಡೆಯುತ್ತ ಕೈ ತೊಳೆಯುವವಳಾಗಿ ಕಾಣಿಸಿಕೊಳ್ಳುತ್ತಾಳೆ. ಮೊದಲಿಗೆ ಗಾಳಿಯಲ್ಲಿ ಕಠಾರಿ ಕಂಡು ನಡುಗಿದವನು ಕೊನೆಗೆ ಭಯದ ರುಚಿಯನ್ನೇ ಮರೆತಿದ್ದಾನೆ. ನೀರು ಚಿಮುಕಿಸಿದರೆ ಪಾಪ ಹೋದೀತು ಎಂದಿದ್ದವಳಿಗೆ ಕಲೆ ಹೋಗುತ್ತಿಲ್ಲ. ಕೊಲೆ ಇಬ್ಬರನ್ನೂ ಒಂದಾಗಿಸಬೇಕಿತ್ತು, ಬೇರೆ ಮಾಡಿತು. ನಾಟಕದ ಅತಿ ದೊಡ್ಡ ನಷ್ಟ ಸಿಂಹಾಸನದ್ದಲ್ಲ, ಈ ದಾಂಪತ್ಯದ್ದು ಎಂದೇ ನನ್ನ ನಂಬಿಕೆ.

ಕುರೊಸಾವಾ: ಸ್ವಗತವಿಲ್ಲದ ಮ್ಯಾಕ್‌ಬೆತ್

‘ಥ್ರೋನ್ ಆಫ್ ಬ್ಲಡ್’ನಲ್ಲಿ ಶೇಕ್ಸ್‌ಪಿಯರ್‌ನ ಸಾಲುಗಳಿಲ್ಲ. ಸ್ವಗತಗಳೂ ಇಲ್ಲ. ಮನಸ್ಸನ್ನು ಮಾತಿನಲ್ಲಿ ಬಿಚ್ಚಿಡುವ ದಾರಿ ಮುಚ್ಚಿದ ಮೇಲೆ ಕುರೊಸಾವಾ ಜಪಾನಿನ ನೋ ರಂಗಪ್ರಕಾರದ ಕಡೆ ತಿರುಗಿದರು. ವಾಶಿಜು ಪಾತ್ರದ ತೊಶಿರೊ ಮಿಫುನೆಗೂ ಅವನ ಹೆಂಡತಿ ಅಸಾಜಿಯ ಪಾತ್ರದ ಇಸುಜು ಯಮಾದಾಗೂ ಒಂದೊಂದು ನೋ ಮುಖವಾಡವನ್ನು ಮಾದರಿಯಾಗಿ ಕೊಟ್ಟರು. ಅಸಾಜಿ ಅಲ್ಲಾಡದೆ ಕೂತು, ಮುಖದ ಗೆರೆ ಬದಲಿಸದೆ ಮಾತಾಡುತ್ತಾಳೆ. ವಾಶಿಜು ಕೋಣೆಯ ತುಂಬ ಚಡಪಡಿಸುತ್ತಾನೆ. ಅವನ ಒಳಗಿನ ಹೊಯ್ದಾಟ ಇಲ್ಲಿ ಎರಡು ದೇಹಗಳಾಗಿ ಹಂಚಿಹೋಗಿದೆ.

ಇನ್ನೂ ಮುಖ್ಯವಾದದ್ದು ಕುರೊಸಾವಾ ನೆಪಗಳನ್ನು ಮರಳಿ ತಂದದ್ದು. ಈ ಒಡೆಯನೂ ತನ್ನ ಹಿಂದಿನ ಒಡೆಯನನ್ನು ಕೊಂದೇ ಗದ್ದುಗೆ ಏರಿದವನೆಂದು ಅಸಾಜಿ ನೆನಪಿಸುತ್ತಾಳೆ. ಕಾಡಿನ ಭವಿಷ್ಯವಾಣಿಯನ್ನು ಗೆಳೆಯ ಮಿಕಿ ಒಡೆಯನ ಕಿವಿಗೆ ಹಾಕಿದರೆ ನಿನ್ನ ತಲೆ ಉಳಿಯದು ಎನ್ನುತ್ತಾಳೆ. ಇದು ಲೇಡಿ ಮ್ಯಾಕ್‌ಬೆತ್ ಆಡದ ವಾದ. ಇಲ್ಲಿ ಪ್ರಶ್ನೆ ಪಾಪದ್ದಲ್ಲ, ಯಾರನ್ನು ನಂಬಬಹುದು ಎಂಬುದು. ಎಲ್ಲರೂ ಎಲ್ಲರನ್ನೂ ಶಂಕಿಸುವ ಲೋಕದಲ್ಲಿ ವಾಶಿಜುವಿನ ನಿಷ್ಠೆ ತೆಳುವಾದ ಪದರ. ಅದು ಹರಿಯಲು ಹೆಚ್ಚು ಹೊತ್ತು ಬೇಕಿಲ್ಲ. ಹಾಗಾಗಿ ಸಂಘರ್ಷ ಒಬ್ಬನ ಎದೆಯಿಂದ ಇಡೀ ವ್ಯವಸ್ಥೆಗೆ ಹರಡಿಕೊಂಡಿದೆ. ಮಂಜು, ದಾರಿ ತಪ್ಪಿಸುವ ಕಾಡು, ಹಿಂದೆ ದ್ರೋಹಿಯೊಬ್ಬ ಸತ್ತ ಕೋಣೆಯ ತೊಳೆಯಲಾಗದ ರಕ್ತದ ಕಲೆ: ಇವು ಅಲಂಕಾರಗಳಲ್ಲ, ಆ ವ್ಯವಸ್ಥೆಯ ಮುಖಗಳು.

ಕೊಲೆಯ ದೃಶ್ಯದಲ್ಲಿ ಅಸಾಜಿ ಭರ್ಜಿಯನ್ನು ಗಂಡನ ಕೈಗಿಡುತ್ತಾಳೆ. ಅವನು ಹೋಗುತ್ತಾನೆ, ಕ್ಯಾಮೆರಾ ಹೋಗುವುದಿಲ್ಲ. ಕಾಯುವ ಅವಳ ಜೊತೆ ಉಳಿಯುತ್ತದೆ. ಅವನು ಮರಳಿದಾಗ ಭರ್ಜಿ ಹಿಡಿದ ಬೆರಳುಗಳು ಸೆಟೆದಿವೆ, ಅವಳೇ ಬಿಡಿಸಬೇಕು. ಸ್ವಗತ ಹೇಳಬಹುದಾಗಿದ್ದ ಎಲ್ಲವೂ ಆ ಬೆರಳುಗಳಲ್ಲಿದೆ.

ಮಗುವಿನ ಪ್ರಶ್ನೆಗೂ ಉತ್ತರ ಇಲ್ಲಿದೆ. ಮಕ್ಕಳಿಲ್ಲದ ವಾಶಿಜು ಮಿಕಿಯ ಮಗನನ್ನೇ ಉತ್ತರಾಧಿಕಾರಿ ಮಾಡಲು ಸಿದ್ಧನಾಗಿರುತ್ತಾನೆ. ಗೆಳೆತನ ಉಳಿಯುವ ದಾರಿ ಅದೊಂದೇ. ಆಗ ಅಸಾಜಿ ತಾನು ಗರ್ಭಿಣಿ ಎನ್ನುತ್ತಾಳೆ, ಮಿಕಿಯ ಸಾವು ಅಲ್ಲಿಗೆ ಖಚಿತವಾಗುತ್ತದೆ. ಮುಂದೆ ಮಗು ಸತ್ತೇ ಹುಟ್ಟುತ್ತದೆ. ಶೇಕ್ಸ್‌ಪಿಯರ್‌ನಲ್ಲಿ ಒಂದು ಮಾತಿನಲ್ಲಿ ಹಾದುಹೋದ ಮಗು ಇಲ್ಲಿ ಕಥೆಯನ್ನೇ ತಿರುಗಿಸಿತು.

ಮುಂಬೈಯಲ್ಲಿ ಪ್ರೇಮದ ಕೊಲೆ

‘ಮಕ್ಬೂಲ್’ನಲ್ಲಿ ನಿಮ್ಮಿ (ತಬು) ಮಕ್ಬೂಲನ (ಇರ್ಫಾನ್ ಖಾನ್) ಹೆಂಡತಿಯಲ್ಲ, ಡಾನ್ ಅಬ್ಬಾಜಿಯ (ಪಂಕಜ್ ಕಪೂರ್) ಆಶ್ರಯದಲ್ಲಿರುವ ಹೆಣ್ಣು. ಈ ಒಂದು ಬದಲಾವಣೆಯಿಂದ ಅವಳ ಆಸೆಯ ಗುರಿಯೇ ಬೇರೆಯಾಯಿತು. ಅವಳಿಗೆ ಬೇಕಿರುವುದು ಮುದುಕನಿಂದ ಬಿಡುಗಡೆ ಮತ್ತು ಮಕ್ಬೂಲ್. ಗದ್ದುಗೆ ಅದರ ಹಿಂದೆ ಬರುತ್ತದೆ. ಮಕ್ಬೂಲನಿಗೂ ಅಬ್ಬಾಜಿ ಬರಿಯ ಒಡೆಯನಲ್ಲ, ಸಾಕಿ ಬೆಳೆಸಿದ ತಂದೆಯ ಸಮಾನ. ಹಾಗಾಗಿ ಸಂಘರ್ಷ ಎರಡು ಪ್ರೀತಿಗಳ ನಡುವೆ ಬಂದು ನಿಂತಿದೆ. ನಾಟಕದಲ್ಲಿ ಭವಿಷ್ಯವಾಣಿ ಹೇಳುವ ಮಾಟಗಾತಿಯರ ಜಾಗದಲ್ಲಿರುವ ಇಬ್ಬರು ಪೊಲೀಸರು (ಓಂ ಪುರಿ, ನಸೀರುದ್ದೀನ್ ಶಾ) ಭವಿಷ್ಯ ನುಡಿಯುವುದಷ್ಟೇ ಅಲ್ಲ, ಅದು ನಿಜವಾಗುವಂತೆ ಕೈಯನ್ನೂ ಆಡಿಸುತ್ತಾರೆ.

ಕನ್ನಡದ ನಂಟು

ಕನ್ನಡಕ್ಕೆ ಮ್ಯಾಕ್‌ಬೆತ್ ಹಳೆಯ ಪರಿಚಯ. ಶ್ರೀಕಂಠೇಶಗೌಡರು ಇದನ್ನು ‘ಪ್ರತಾಪರುದ್ರದೇವ’ ಎಂದು ರೂಪಾಂತರಿಸಿದರು, ಡಿವಿಜಿ ಅನುವಾದಿಸಿದರು, ಎಚ್.ಎಸ್. ಶಿವಪ್ರಕಾಶ್ ‘ಮಾರನಾಯಕನ ದೃಷ್ಟಾಂತ’ ಬರೆದರು. ಬಿ.ವಿ. ಕಾರಂತರು 1979ರಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ರೆಪರ್ಟರಿಗೆ ರಘುವೀರ್ ಸಹಾಯ್ ಅವರ ಹಿಂದಿ ಅನುವಾದವನ್ನು ‘ಬರ್ನಮ್ ವನ’ವಾಗಿ ನಿರ್ದೇಶಿಸಿದಾಗ ಯಕ್ಷಗಾನದ ಚಲನೆಯನ್ನು ಬಳಸಿದರು. ಇದು ಧೈರ್ಯದ ಆಯ್ಕೆ. ಯಕ್ಷಗಾನದಲ್ಲಿ ಬಣ್ಣ, ಕಿರೀಟ, ಪ್ರವೇಶದ ಹೆಜ್ಜೆಗಳೇ ಪಾತ್ರ ಎಂಥದ್ದೆಂದು ಮೊದಲೇ ಸಾರಿಬಿಡುತ್ತವೆ. ಮ್ಯಾಕ್‌ಬೆತ್ ವೀರನ ವೇಷದಲ್ಲಿ ಬಂದು ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ, ಕಡೆಗೆ ಜಾರುವ ಮನುಷ್ಯ. ಆ ಜಾರುವಿಕೆಯನ್ನು ಹೆಜ್ಜೆಯಲ್ಲಿ ತೋರಿಸುವ ಸವಾಲು ಸ್ವಗತವನ್ನು ಬಿಟ್ಟುಕೊಟ್ಟ ಕುರೊಸಾವಾ ಎದುರಿಸಿದ್ದಕ್ಕೆ ತೀರ ಹತ್ತಿರದ್ದು.

ಮೂರು ಸಾವುಗಳು

ಸಂಘರ್ಷ ಎಲ್ಲಿ ನೆಲೆಸಿತ್ತು ಎಂಬುದು ನಾಯಕ ಯಾರ ಕೈಯಲ್ಲಿ, ಹೇಗೆ ಸಾಯುತ್ತಾನೆ ಎಂಬುದರಲ್ಲಿ ಸ್ಪಷ್ಟವಾಗುತ್ತದೆ. ಮ್ಯಾಕ್‌ಡಫ್ ತಾಯಿಯ ಗರ್ಭ ಸೀಳಿ ಹೊರತೆಗೆದ ಮಗುವೆಂದು ತಿಳಿದೊಡನೆ, ಹೆಣ್ಣು ಹೆತ್ತ ಯಾರಿಂದಲೂ ಕೇಡಿಲ್ಲವೆಂಬ ಭವಿಷ್ಯವಾಣಿಯ ಮೇಲಿದ್ದ ಮ್ಯಾಕ್‌ಬೆತ್‌ನ ಕೊನೆಯ ಭರವಸೆ ಕಳಚುತ್ತದೆ. ಒಂದು ಕ್ಷಣ ಕಾದಾಡುವುದಿಲ್ಲ ಎನ್ನುತ್ತಾನೆ, ಆಮೇಲೆ ಸೋಲು ಖಚಿತವೆಂದು ಅರಿತೇ ಕತ್ತಿ ಎತ್ತುತ್ತಾನೆ. ಕೊನೆಯ ಆಯ್ಕೆಯೂ ಅವನದೇ.

ಕುರೊಸಾವಾ ಚಿತ್ರದಲ್ಲಿ ಮ್ಯಾಕ್‌ಡಫ್‌ನಂಥ ಪಾತ್ರವೇ ಇಲ್ಲ. ಕಾಡು ಚಲಿಸುವವರೆಗೆ ಸೋಲಿಲ್ಲವೆಂಬ ಭವಿಷ್ಯವಾಣಿಯನ್ನು ನಂಬಿದ್ದ, ಈಗ ಕಾಡು ಚಲಿಸಿದ್ದನ್ನು ಕಂಡ ವಾಶಿಜುವಿನ ಸ್ವಂತ ಸೈನಿಕರೇ ಅವನ ಮೇಲೆ ಬಾಣದ ಮಳೆ ಸುರಿಸುತ್ತಾರೆ. ಮಿಫುನೆಯ ಸುತ್ತ ಬಿಲ್ಲುಗಾರರು ನಿಜವಾದ ಬಾಣಗಳನ್ನೇ ಬಿಟ್ಟದ್ದರಿಂದ ಆ ಮುಖದ ಭಯದಲ್ಲಿ ನಟನೆ ಎಷ್ಟು, ನಿಜ ಎಷ್ಟು ಎಂದು ಬಿಡಿಸುವುದು ಕಷ್ಟ. ಒಡೆಯನನ್ನು ಕೊಲ್ಲುವುದನ್ನು ಕಲಿಸಿದ ವ್ಯವಸ್ಥೆ ಅವನ ಮೇಲೂ ಅದನ್ನೇ ಪ್ರಯೋಗಿಸಿತು. ಅಲ್ಲಿ ಅವನಿಗೆ ಆಯ್ಕೆಗೆ ಜಾಗವಿರಲಿಲ್ಲ.

ಮಕ್ಬೂಲ್ ಆಸ್ಪತ್ರೆಗೆ ಬರುವುದು ನಿಮ್ಮಿ ಹೆತ್ತ ಮಗುವಿಗಾಗಿ. ಆ ಮಗುವಿನ ತಂದೆ ತಾನೋ ಅಬ್ಬಾಜಿಯೋ ಎಂಬ ಅನುಮಾನ ಅವನನ್ನು ಕೊರೆಯುತ್ತಲೇ ಇತ್ತು. ತಾನು ಕೊಂದವರ ಮಕ್ಕಳಾದ ಗುಡ್ಡು ಮತ್ತು ಸಮೀರಾ ಅದನ್ನು ಎತ್ತಿಕೊಂಡದ್ದನ್ನು ಕಂಡು ಅವನು ಪಿಸ್ತೂಲನ್ನು ಕೈಬಿಡುತ್ತಾನೆ, ಹೊರಗೆ ಬರುತ್ತಾನೆ, ಮ್ಯಾಕ್‌ಡಫ್‌ನ ಜಾಗದಲ್ಲಿರುವ ಬೋಟಿಯ ಗುಂಡಿಗೆ ಬಲಿಯಾಗುತ್ತಾನೆ. ಮೂವರಲ್ಲಿ ಆಯುಧವನ್ನು ತಾನಾಗಿ ಕೆಳಗಿಟ್ಟವನು ಅವನೊಬ್ಬನೇ.