ಘಟ್ಟ ದಾಟಿ ಇಳಿಯುವುದು

1932ರ ಅಕ್ಟೋಬರ್ 15ರ ಕಥೆ ಹೇಳುವವರು ಸಾಮಾನ್ಯವಾಗಿ ಜುಹೂವಿಗೆ ಬಂದು ನಿಲ್ಲಿಸಿಬಿಡುತ್ತಾರೆ. ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಂಚೆ ಚೀಲ ಹೊತ್ತು ತಂದರು, ಅಹಮದಾಬಾದಿನಲ್ಲಿ ಇಳಿದು ಮಧ್ಯಾಹ್ನ ಜುಹೂ ಮುಟ್ಟಿದರು, ಟಾಟಾ ಅಂಚೆ ವಿಮಾನ ಶುರುವಾಯಿತು, ಅಷ್ಟೇ. ಆದರೆ ಆ ಅಂಚೆ ಮದ್ರಾಸಿನವರೆಗೆ ಹೋಗಬೇಕಿತ್ತು. ಉಳಿದ ದಾರಿಗೆ ಹೊರಟವರು ನೆವಿಲ್ ವಿನ್ಸೆಂಟ್. ಬ್ರಿಟಿಷ್ ವಾಯುಪಡೆಯಲ್ಲಿದ್ದವರು, ಅಂಚೆ ವಿಮಾನದ ಯೋಜನೆಯನ್ನು ಟಾಟಾ ಅವರ ಬಳಿಗೆ ತಂದವರೂ ಅವರೇ. ನಡುವೆ ಅವರು ಇಳಿಯಬೇಕಿದ್ದ ಊರು ಬಳ್ಳಾರಿ. ನಮ್ಮ ಬಳ್ಳಾರಿ ಆಗಿನ್ನೂ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ.

ಕರಾಚಿಯಿಂದ ಜುಹೂವರೆಗಿನ ದಾರಿಯಲ್ಲಿ ಹೇಳಿಕೊಳ್ಳುವಂಥ ಬೆಟ್ಟವಿಲ್ಲ. ಘಟ್ಟ ಇದ್ದದ್ದು ವಿನ್ಸೆಂಟರ ಪಾಲಿನ ದಾರಿಯಲ್ಲಿ. ಪುಸ್ ಮಾತ್ ಎಂದರೆ ಒಂದೇ ಎಂಜಿನ್‌ನ, ಸುಮಾರು 120 ಅಶ್ವಶಕ್ತಿಯ ಪುಟ್ಟ ವಿಮಾನ. ಇಂದು ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ ನಿಂತಿರುವ ಎಷ್ಟೋ ಕಾರುಗಳಿಗೆ ಅಷ್ಟು ಶಕ್ತಿ ಇದೆ. ರೇಡಿಯೊ ಇಲ್ಲ, ನೆಲದಿಂದ ದಾರಿ ತೋರಿಸುವವರಿಲ್ಲ. ಮಡಿಚಿಟ್ಟ ನಕ್ಷೆ, ದಿಕ್ಸೂಚಿ, ಕಿಟಕಿಯಾಚೆ ಕಾಣುವ ನದಿ, ರೈಲು ಹಳಿ. ಮುಂಬಯಿಯಿಂದ ಬಳ್ಳಾರಿಗೆ ನೇರ ಗೆರೆ ಎಳೆದರೆ ಸುಮಾರು 600 ಕಿ.ಮೀ.; ಆ ವಿಮಾನಕ್ಕೆ ನಾಲ್ಕು ಗಂಟೆಯ ಹಾದಿ.

ಸಹ್ಯಾದ್ರಿ ದೊಡ್ಡ ಪರ್ವತವೇನಲ್ಲ. ಮಹಾರಾಷ್ಟ್ರದ ಅತಿ ಎತ್ತರದ ಕಳಸೂಬಾಯಿ ಶಿಖರವೇ 1646 ಮೀಟರ್. ಹಿಮಾಲಯದವರು ಕೇಳಿದರೆ ನಕ್ಕಾರು. ಆದರೆ ಇದರ ಆಕಾರ ವಿಚಿತ್ರ. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಊರಿಗೆ ಹೋಗುವ ನಮಗೆಲ್ಲ ಗೊತ್ತಿರುವುದೇ. ಕರ್ಜತ್‌ನಲ್ಲಿ ಹಿಂದಿನಿಂದ ನೂಕಲು ಎಂಜಿನ್ ಜೋಡಿಸುತ್ತಾರೆ, ಲೋಣಾವಳದವರೆಗಿನ ಇಪ್ಪತ್ತೆಂಟು ಕಿ.ಮೀ.ಯಲ್ಲಿ ಗಾಡಿ ಐನೂರು ಮೀಟರಿಗೂ ಹೆಚ್ಚು ಏರುತ್ತದೆ, ಆಮೇಲೆ ಇಳಿಯುವುದೇ ಇಲ್ಲ. ಅಂದರೆ ಕೊಂಕಣದ ಕಡೆಯಿಂದ ಇದು ಗೋಡೆ, ದಖ್ಖನಿನ ಕಡೆಯಿಂದ ಜಗಲಿಯ ಅಂಚು. ಪೂರ್ವದಿಂದ ಬರುವವರಿಗೆ ಅಂಚು ಹತ್ತಿರ ಬಂದದ್ದು ತಟ್ಟನೆ ಗೊತ್ತಾಗುವುದಿಲ್ಲ.

ಹಾಗಾಗಿ ಹೋಗುವುದಕ್ಕಿಂತ ಮನೆಗೆ ಮರಳುವುದೇ ಕಷ್ಟ. ಕಾರಣ ಗಾಳಿ. ಪಡುವಣ ಗಾಳಿ ಗೋಡೆಗೆ ಬಡಿದು ಮೇಲೇರುತ್ತದೆ, ನೆತ್ತಿ ದಾಟಿದ ಮೇಲೆ ಪೂರ್ವದ ಮಗ್ಗುಲಲ್ಲಿ ಕೆಳಗೆ ಜಾರುತ್ತದೆ. ಹೋಗುವಾಗ ಬೆನ್ನಿಗೆ ಗಾಳಿ, ಗೋಡೆಯ ಬಳಿ ಏರುಗಾಳಿಯ ಒತ್ತಾಸೆ. ಮರಳುವಾಗ ಎದುರುಗಾಳಿಯಲ್ಲಿ ವೇಗ ತಗ್ಗುತ್ತದೆ, ನೆತ್ತಿ ದಾಟಬೇಕಾದ ಹೊತ್ತಿಗೇ ವಿಮಾನ ಕುಸಿಯತೊಡಗುತ್ತದೆ. ಸಣ್ಣ ವಿಮಾನದವರು ಬೆಟ್ಟದ ಸಾಲನ್ನು ನೇರವಾಗಿ ಎದುರಿಸದೆ ಓರೆಯಾಗಿ ಸಮೀಪಿಸುವುದು ಇದಕ್ಕೇ. ಎತ್ತರ ಸಾಲದೆಂದು ಕಂಡರೆ ಅರ್ಧ ತಿರುವಿನಲ್ಲಿ ಬಯಲಿಗೆ ಹಿಂದಿರುಗಬಹುದು.

ಈಚೆಗೆ ವಿಡಿಯೊಗಳಲ್ಲಿ ಕಾಣುವ ಜೈರೋಪ್ಲೇನ್ ಹಾರುವುದು ಹೆಚ್ಚು ಕಡಿಮೆ ಪುಸ್ ಮಾತ್‌ನ ವೇಗದಲ್ಲೇ. ಅದರ ನೆತ್ತಿಯ ಮೇಲಿನ ರೆಕ್ಕೆಯನ್ನು ಹಾರಾಟದಲ್ಲಿ ಎಂಜಿನ್ ತಿರುಗಿಸುವುದಿಲ್ಲ. ಎಂಜಿನ್ ಮುಂದಕ್ಕೆ ತಳ್ಳುತ್ತದೆ. ಕೆಳಗಿನಿಂದ ನುಗ್ಗುವ ಗಾಳಿಗೆ ರೆಕ್ಕೆ ತಾನಾಗಿ ಸುತ್ತುತ್ತದೆ, ನಾವು ತೆಂಗಿನ ಗರಿಯಲ್ಲಿ ಮಾಡುತ್ತಿದ್ದ ಗಿರಗಿಟ್ಲೆಯ ಹಾಗೆ. ಎಂಜಿನ್ ನಿಂತರೂ ಅದು ಸುತ್ತುತ್ತಲೇ ಕೆಳಗಿಳಿಯುತ್ತದೆ. ಇದನ್ನು ಕಂಡುಹಿಡಿದ ಸ್ಪೇನಿನ ಹುವಾನ್ ದೆ ಲಾ ಸಿಯೆರ್ವಾ, 1919ರಲ್ಲಿ ತನ್ನ ವಿಮಾನವೊಂದು ನೆಲದ ಹತ್ತಿರ ವೇಗ ಕಳೆದುಕೊಂಡು ಬಿದ್ದದ್ದನ್ನು ನೋಡಿ, ನಿಧಾನವಾದರೂ ಬೀಳದ ಯಂತ್ರ ಬೇಕೆಂದು ಹಟ ಹಿಡಿದವನು. 1923ರ ಜನವರಿಯಲ್ಲಿ ಅದು ಹಾರಿತು. ಆದರೆ ಬೆಟ್ಟದ ಗಾಳಿಗೆ ಅದೂ ಹೊರತಲ್ಲ. ಗಾಳಿ ಎತ್ತಿ ಎಸೆದಾಗ ಗಾಬರಿಯಲ್ಲಿ ಮೂತಿಯನ್ನು ತಟ್ಟನೆ ಕೆಳಗೆ ಒತ್ತಿದರೆ ರೆಕ್ಕೆಯ ಮೇಲಿನ ಭಾರ ಇಳಿದು ಅದರ ಸುತ್ತು ಕುಗ್ಗುತ್ತದೆ, ಮತ್ತೆ ಚೇತರಿಸಿಕೊಳ್ಳುವುದು ಕಷ್ಟ. ಸಿಯೆರ್ವಾ ಸತ್ತದ್ದು ತನ್ನ ಯಂತ್ರದಲ್ಲಲ್ಲ. 1936ರ ಡಿಸೆಂಬರಿನ ಮಂಜಿನಲ್ಲಿ, ಲಂಡನ್ನಿನ ಕ್ರಾಯ್ಡನ್‌ನಿಂದ ಮೇಲೇರಿದ ಕೆ.ಎಲ್.ಎಂ. ವಿಮಾನದಲ್ಲಿ ಪ್ರಯಾಣಿಕನಾಗಿ.

ಟಾಟಾ ವಿಮಾನಗಳಿಗೆ ಮಳೆಗಾಲದಲ್ಲಿ ಒಂದು ಕಟ್ಟಳೆ ಇತ್ತು. ಜುಹೂ ಆಗ ಬರೀ ಕೆಸರು ಬಯಲು, ಮಳೆ ಬಂದರೆ ಮುಳುಗುತ್ತಿತ್ತು. ವಿಮಾನ, ಸಾಮಾನು, ಜನ ಎಲ್ಲವನ್ನೂ ಕಟ್ಟಿಕೊಂಡು ಪುಣೆಗೆ ಹೋಗಿ, ಯೆರವಡಾ ಜೈಲಿನ ಪಕ್ಕದ ಮೈದಾನದಿಂದ ಹಾರುತ್ತಿದ್ದರು. ಅವರು ಹೆದರಿದ್ದು ಕೆಸರಿಗೆ, ಘಟ್ಟಕ್ಕಲ್ಲ. ಅದನ್ನು ಜಾಣತನವೆಂದು ಹೊಗಳುವುದು ಅತಿಯಾದೀತು. ಆದರೂ ಫಲ ಒಂದೇ: ಮೋಡ ಗೋಡೆಗೆ ಅಂಟಿ ಕೂರುವ ತಿಂಗಳುಗಳಲ್ಲಿ ಅವರ ಮನೆ ಘಟ್ಟದ ಮೇಲೆಯೇ ಇರುತ್ತಿತ್ತು, ಮದ್ರಾಸಿನ ಅಂಚೆಗೆ ಘಟ್ಟ ಇಳಿಯುವ ಕೆಲಸವೇ ಇರಲಿಲ್ಲ.

ಮುಂದೆ ಸಾಂತಾಕ್ರೂಜ್‌ನಲ್ಲಿ ಮಳೆಗಾಲದಲ್ಲೂ ಇಳಿಯಬಲ್ಲ ರನ್‌ವೇ ಬಂತು. 1949ರ ಜುಲೈ 12ರಂದು ದೆಹಲಿಯಿಂದ ಬಂದ ಕೆ.ಎಲ್.ಎಂ. ವಿಮಾನ ಮಳೆಮೋಡದಲ್ಲಿ ಇಳಿಯಲು ಹವಣಿಸುತ್ತ ಘಾಟ್‌ಕೋಪರಿನ ಗುಡ್ಡಕ್ಕೆ ಬಡಿಯಿತು. ಅದರಲ್ಲಿದ್ದ 45 ಜನರೂ ಸತ್ತರು. ಅವರಲ್ಲಿ 13 ಮಂದಿ ಇಂಡೋನೇಷ್ಯಾ ನೋಡಿಕೊಂಡು ಊರಿಗೆ ಮರಳುತ್ತಿದ್ದ ಅಮೆರಿಕದ ಪತ್ರಕರ್ತರು. ಆ ಗುಡ್ಡ ಇನ್ನೂರು ಮೀಟರಿನ ಆಸುಪಾಸಿನದು. ವರ್ತಕ ನಗರದ ನಮ್ಮ ತಾರಸಿಯಿಂದ ಕಾಣುವ ಯೇವೂರಿನ ಗುಡ್ಡಗಳನ್ನು ನೋಡಿದವರಿಗೆ ಅಂಥದ್ದರ ಅಳತೆ ಗೊತ್ತು. ಭಾನುವಾರ ಬೆಳಿಗ್ಗೆ ಮಕ್ಕಳೂ ಹತ್ತಿ ಇಳಿಯುತ್ತಾರೆ.

ಹದಿಮೂರು ವರ್ಷದ ನಂತರ ಮತ್ತೆ ಜುಲೈ. 1962ರ ಜುಲೈ 6ರ ರಾತ್ರಿ, ಗಡಿಯಾರದಲ್ಲಿ ಹನ್ನೆರಡು ದಾಟಿದ ಹೊತ್ತು. ಸಿಡ್ನಿಯಿಂದ ರೋಮ್‌ಗೆ ಹೊರಟ ಅಲಿಟಾಲಿಯಾದ ಡಿಸಿ–8 ಜೆಟ್, ಬ್ಯಾಂಕಾಕ್‌ನಿಂದ ಮುಂಬಯಿಗೆ ಬರುತ್ತಿತ್ತು. ರೇಡಿಯೊದಲ್ಲಿ ಮಾತು ನಡೆದಿತ್ತು, ನೆಲದಲ್ಲಿ ದಿಕ್ಕು ಹೇಳುವ ಸಾಧನಗಳಿದ್ದವು. ಮುಂಬಯಿ ಹತ್ತಿರ ಬಂತೆಂದು ತಿಳಿದು ಪೈಲಟ್ ನೇರವಾಗಿ ಇಳಿಯತೊಡಗಿದ. ವಿಮಾನ ಇದ್ದದ್ದು ಜುನ್ನರ್ ಬಳಿ, ನಿಲ್ದಾಣದಿಂದ ಈಶಾನ್ಯಕ್ಕೆ ಸುಮಾರು 84 ಕಿ.ಮೀ. ದೂರದಲ್ಲಿ, ಘಟ್ಟದ ಇನ್ನೂ ಆಚೆ ಮಗ್ಗುಲಲ್ಲಿ. ಬೆಟ್ಟಕ್ಕೆ ಬಡಿದು 94 ಜನ ಸತ್ತರು. ತಾನೆಲ್ಲಿದ್ದೇನೆಂದು ಪೈಲಟ್ ತಪ್ಪು ತಿಳಿದದ್ದೇ ಕಾರಣ, ಲಭ್ಯವಿದ್ದ ಸಾಧನಗಳನ್ನು ಬಳಸಲಿಲ್ಲ, ಆ ಸೀಮೆಯ ಪರಿಚಯವೂ ಇರಲಿಲ್ಲ ಎಂದು ತನಿಖೆ ಹೇಳಿತು.

ನನ್ನ ಕೆಲಸ ಪ್ರಾಜೆಕ್ಟ್ ನಡೆಸುವುದು. ‘ತೊಂಬತ್ತು ಪರ್ಸೆಂಟ್ ಮುಗೀತು ಸರ್’ ಎಂಬ ಮಾತು ವಾರಕ್ಕೆರಡು ಸಲ ಕೇಳುತ್ತೇನೆ. ಆದ್ದರಿಂದಲೋ ಏನೋ, ಆ 84 ಕಿ.ಮೀ. ನನ್ನನ್ನು ಬಿಡುವುದಿಲ್ಲ. ಇಳಿಯುವ ಜೆಟ್ಟಿಗೆ ಅದು ಹತ್ತು ನಿಮಿಷದ ದಾರಿ. ಕಾಣದ ನೆಲವನ್ನು ಲೆಕ್ಕದ ಮೇಲೆ ನಂಬಿದಾಗ ಹತ್ತು ನಿಮಿಷ ಆಚೀಚೆಯಾಗುವುದು ದೊಡ್ಡ ವಿಷಯವೇ ಅಲ್ಲ. ವಿನ್ಸೆಂಟರ ಕೈಯಲ್ಲಿ ಸಾಧನವಿರಲಿಲ್ಲ, ಹಾಗಾಗಿ ನೆಲ ಕಾಣದಿದ್ದರೆ ಇಳಿಯುವ ಪ್ರಶ್ನೆಯೇ ಬರುತ್ತಿರಲಿಲ್ಲ. ಅದು ಅವರ ಗುಣವೆನ್ನುವುದಕ್ಕಿಂತ ಆ ಕಾಲದ ಬಡತನ ಎನ್ನಬೇಕು.

ಬೆಟ್ಟ ಸಮೀಪಿಸಿದರೆ ಪೈಲಟ್‌ಗೆ ಕೂಗಿ ಹೇಳುವ ಯಂತ್ರವನ್ನು ದೊಡ್ಡ ವಿಮಾನಗಳಿಗೆ ಅಮೆರಿಕ ಕಡ್ಡಾಯ ಮಾಡಿದ್ದು, 1974ರ ಡಿಸೆಂಬರಿನಲ್ಲಿ ವಾಷಿಂಗ್ಟನ್ ಸಮೀಪದ ಬೆಟ್ಟಕ್ಕೆ ಇನ್ನೊಂದು ಜೆಟ್ ಹೀಗೆಯೇ ಬೇಗ ಇಳಿದು ಬಡಿದ ಮೇಲೆ.

ಜೆ.ಆರ್.ಡಿ. ತಮ್ಮ ಕರಾಚಿ–ಜುಹೂ ಹಾರಾಟವನ್ನು 1962ರಲ್ಲಿ ಒಮ್ಮೆ, 1982ರಲ್ಲಿ 78ರ ವಯಸ್ಸಿನಲ್ಲಿ ಮತ್ತೊಮ್ಮೆ ಮಾಡಿ ತೋರಿಸಿದರು. ಬಳ್ಳಾರಿಯ ದಾರಿ ಹಾರಿದ ವಿನ್ಸೆಂಟ್ ಅಷ್ಟು ಕಾಲ ಬದುಕಲಿಲ್ಲ. 1942ರ ಯುದ್ಧದ ದಿನಗಳಲ್ಲಿ ಇಂಗ್ಲೆಂಡಿನಿಂದ ಭಾರತಕ್ಕೆ ಹೊರಟಿದ್ದ ಅವರ ವಿಮಾನ ಬಂದು ಸೇರಲೇ ಇಲ್ಲ.