ಕನ್ನಂಬಾಡಿ ನೀರು, ಬಚ್ಚಲಿನ ರಾಡು

ಬಕೆಟ್ಟಿಗೆ ಇಳಿಬಿಟ್ಟು ನೀರು ಕಾಯಿಸ್ತೀವಲ್ಲ, ಆ ರಾಡ್ ಕೆಟ್ಟಾಗ ತೊಂದರೆ ಹುಡುಕೋದೂ ಒಂಥರಾ ಡಿಬಗ್ಗಿಂಗೇ. ಅದು ಬೆಳೆದು ಬಂದ ಕಥೆ ಗೊತ್ತಿದ್ರೆ ಬಗ್ ಎಲ್ಲಿದೆ ಅಂತ ಬೇಗ ಹೊಳೆಯುತ್ತೆ :)

1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿಗೆ ಬಂದಿದ್ದು 1905ರಲ್ಲಿ, ಮೈಸೂರಿಗೆ 1908ರಲ್ಲಿ. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಕರೆಂಟೂ ಸೊರಗುತ್ತಿತ್ತು. 1911ರಲ್ಲಿ ನಮ್ಮ ಬೆಳಗೊಳದ ಪಕ್ಕದಲ್ಲೇ ಕನ್ನಂಬಾಡಿ ಕಟ್ಟೆ ಕೆಲಸ ಶುರುವಾಗಲು ಇದೂ ಒಂದು ಕಾರಣ.

ಕರೆಂಟು ಇದ್ದರೆ ಸಾಕೇ? ಕೆಂಪಗೆ ಕಾದರೂ ಬಾಳಿಕೆ ಬರೋ ತಂತಿ ಬೇಕಲ್ಲ. 1906ರಲ್ಲಿ ಅಮೆರಿಕದ ಆಲ್ಬರ್ಟ್ ಮಾರ್ಷ್ ನಿಕ್ಕಲ್ ಮತ್ತು ಕ್ರೋಮಿಯಂ ಬೆರೆಸಿದ ಲೋಹಕ್ಕೆ ಪೇಟೆಂಟ್ ಪಡೆದ. ಅದೇ ನೈಕ್ರೋಮ್. ಇವತ್ತಿನ ರಾಡಿನ ಒಳಗಿರೋದೂ ಅಂಥದೇ ತಂತಿ. ಸುತ್ತ ಮೆಗ್ನೀಷಿಯಂ ಆಕ್ಸೈಡ್ ಪುಡಿ, ಅದರ ಮೇಲೆ ಲೋಹದ ಕೊಳವೆ. ಪುಡಿ ಬಿಸಿಯನ್ನು ಹೊರಗೆ ಬಿಡಬೇಕು, ಕರೆಂಟನ್ನು ಬಿಡಬಾರದು.

ಹಾಗಾಗಿ ದೊಡ್ಡ ತೊಂದರೆಗಳು ಎರಡೇ.

ಒಂದು, ಬಿಸಿಯೇ ಆಗಲ್ಲ. ಪ್ಲಗ್ ಕಿತ್ತು, ಅದರ ಎರಡು ಪಿನ್ನಿಗೆ ಮಲ್ಟಿಮೀಟರ್ ಹಿಡಿಯಿರಿ. 230 ವೋಲ್ಟಿನ 1000 ವ್ಯಾಟ್ ರಾಡಾದರೆ ಸುಮಾರು 53 ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಮೊದಲು ಪ್ಲಗ್ಗು, ವೈರು ನೋಡಿ. ತಂತಿಯನ್ನು ಆಮೇಲೆ ಬೈಯಿರಿ.

ಎರಡು, ಶಾಕ್. ಕೊಳವೆ ಬಿರುಕು ಬಿಟ್ಟು ಪುಡಿಗೆ ನೀರು ಸೇರಿರುತ್ತೆ. ಮೀಟರ್ ಎಲ್ಲಾ ಸರಿ ಅಂದರೂ ನಂಬಬೇಡಿ, ಕಾದ ಮೇಲೆ ಕರೆಂಟು ಸೋರಬಹುದು. ಇದಕ್ಕೆ ರಿಪೇರಿ ಬೇಡ, ಗುಜರಿಗೆ ಹಾಕಿ. ಅರ್ಥಿಂಗ್ ಇಲ್ಲದ ಬಚ್ಚಲಲ್ಲಿ ಇದು ಜೀವಕ್ಕೇ ಕುತ್ತು.

ರಾಡ್ ಚೆನ್ನಾಗಿದ್ದರೂ ಸರಿ, ಪ್ಲಗ್ ಕಿತ್ತ ಮೇಲೇ ನೀರು ಮುಟ್ಟಿ. ಊರಲ್ಲಿರೋ ಅಜ್ಜಿಗೂ ಒಂದು ಮಾತು ಹೇಳಿ.